ರಿಜೆಕ್ಟ್ ಆದ ನೂರೆಂಟು ನಟ್ಟು

ಶ್ಯಾಮಲಾ ಮುನಿರಾಜುವಿಗೆ ಹೇಳಿದ ಮೊದಲ ಮಾತು "ಆಗಲ್ಲ" ಎಂಬುದು. ಪ್ರೇಮಕ್ಕೆ ಇದಕ್ಕಿಂತ ಒಳ್ಳೆಯ ಮುನ್ನುಡಿಗಳಿವೆ. ಆದರೆ ಪೀಣ್ಯ ಎರಡನೇ ಹಂತದಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಕಂಪ್ರೆಸರ್ ಸದ್ದಿನ ನಡುವೆ ಸಿಗುವುದು ಇಷ್ಟೇ.

ಅವಳು ಅಲ್ಲಿನ ಒಂದು ಕಂಪನಿಯಲ್ಲಿ ಇನ್‌ಸ್ಪೆಕ್ಷನ್ ಟೇಬಲ್ಲಿನ ಹಿಂದೆ ಹನ್ನೊಂದು ವರ್ಷದಿಂದ ನಿಂತವಳು. ಅವನು ಎರಡು ಲೇತು, ಒಂದು ಟ್ಯಾಪಿಂಗ್ ಮಷೀನು ಇಟ್ಟುಕೊಂಡು ಅದೇ ಕಂಪನಿಗೆ ನಟ್ಟು ಮಾಡಿಕೊಡುತ್ತಿದ್ದವನು. ಅವನ ಐದು ಸಾವಿರ ನಟ್ಟಿನ ಲಾಟಿಗೆ ಅವಳು ರಿಜೆಕ್ಟ್ ಎಂಬ ಕೆಂಪು ಚೀಟಿ ಅಂಟಿಸಿದ್ದಳು.

"ಮೇಡಂ, ಕೂದಲೆಳೆಯಷ್ಟು ಲೂಸು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಆಗಲ್ಲ." ಶ್ಯಾಮಲಾ ಬೆರಳುದ್ದದ ಗೇಜನ್ನು ಎತ್ತಿ ತೋರಿಸಿದಳು. "ಈ ತುದಿ ನಟ್ಟಿನೊಳಗೆ ಹೋಗ್ಬೇಕು. ಈ ಕೆಂಪು ತುದಿ ಹೋಗ್ಬಾರ್ದು. ನಿಮ್ಮದ್ರಲ್ಲಿ ಮನೆ ಅಳಿಯನ ಥರ ಸಲೀಸಾಗಿ ಹೋಗ್ತಿದೆ."

"ಯಾರ್ಗೂ ಗೊತ್ತಾಗಲ್ಲ ಮೇಡಂ."

"ನನಗೆ ಗೊತ್ತಾಯ್ತಲ್ಲ."

ಅವನು ಚೀಲಗಳನ್ನು ಗೂಡ್ಸ್ ಆಟೋಗೆ ತುಂಬಿಸಿ, ಹತ್ತುವ ಮುಂಚೆ ಒಮ್ಮೆ ತಿರುಗಿ ನೋಡಿದ. ಸಿಟ್ಟಿನ ನೋಟ ಇರಬೇಕಾದ ಜಾಗದಲ್ಲಿ ಬೇರೆ ಏನೋ ಇತ್ತು. ಅಳತೆಗೆ ಸಿಗದ್ದನ್ನು ಬರೆದಿಡುವ ಅಭ್ಯಾಸ ಶ್ಯಾಮಲಾಳಿಗಿರಲಿಲ್ಲ. ಮುಂದಿನ ಟ್ರೇ ಎಳೆದುಕೊಂಡಳು. ಎಳೆಯುವಾಗ ಸೊಂಟ ಹಿಡಿಯಿತು.

ಸೊಂಟದ ಕಥೆ ಹಳೆಯದು. ಫಿಸಿಯೋಥೆರಪಿಯವನು ಮಾತ್ರೆ ನಿಲ್ಲಿಸಿ ಯೋಗ ಮಾಡಿ ಎಂದಾಗ ಅವಳಿಗೆ ನಗು ಬಂದಿತ್ತು. ಅಟ್ಟದ ಟ್ರಂಕಿನಲ್ಲಿ ಅವಳ ಹೈಸ್ಕೂಲಿನ ರಾಜ್ಯಮಟ್ಟದ ಯೋಗಾಸನ ಪದಕಗಳು ಅಪ್ಪನ ಫ್ಯಾಕ್ಟರಿಯ ಹಳೇ ಗುರುತಿನ ಚೀಟಿಯ ಜೊತೆ ಮಲಗಿದ್ದವು. ಅಪ್ಪ ತೀರಿಕೊಂಡ ವರ್ಷ ಯೋಗ ನಿಂತಿತು, ಕೆಲಸ ಶುರುವಾಯಿತು. ಈಗ ಅವಳಿಗೆ ಮೂವತ್ತಮೂರು.

ಯಶವಂತಪುರದ ಒಂದು ಸ್ಟುಡಿಯೋದಲ್ಲಿ ಮೊದಲ ಕ್ಲಾಸು ಫ್ರೀ ಎಂದು ಹೋದಳು. ದೀಪ, ಸುಗಂಧ, ಎಲ್ಲಿಂದಲೋ ಕೊಳಲು. ಮುಗಿದ ಮೇಲೆ ಡೆಸ್ಕಿನ ಹುಡುಗಿ ಕೈಮುಗಿದು ಕೇಳಿದಳು: "ಕ್ವಾರ್ಟರ್ಲಿ ಪ್ಯಾಕೇಜಾ ಮೇಡಂ, ಆನ್ಯುಯಲ್ಲಾ?" ತಿಂಗಳ ಲೆಕ್ಕ ಕೇಳಿದರೆ ಅದು ಅಮ್ಮ ಸತ್ಯವತಿಯ ಬಿಪಿ-ಶುಗರ್ ಮಾತ್ರೆ, ಮೆಟ್ರೋ ಕಾರ್ಡು ಎರಡನ್ನೂ ನುಂಗಿ ಇನ್ನೂ ಹಸಿದಿರುವಂಥ ಮೊತ್ತ. "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಹೊರಗೆ ಬಂದಳು. ಯೋಚನೆ ಮೆಟ್ಟಿಲಿಳಿಯುವಷ್ಟರಲ್ಲೇ ಮುಗಿದಿತ್ತು.

ದಾರಿ ತೋರಿಸಿದ್ದು ಕೆಳಗಿನ ಮನೆಯ ಗಂಗಮ್ಮ, ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವಳು. "ನಮ್ ದಾಸರಳ್ಳಿ ಭಜನೆ ಹಾಲ್‌ಗೆ ಬಾರವ್ವ. ಬೆಳಗ್ಗೆ ಐದೂವರೆಗೆ. ದುಡ್ಡಿಲ್ಲ ಕಾಸಿಲ್ಲ, ಒಂದು ಬೆಡ್‌ಶೀಟು ತಗೊಂಡ್ ಬಾ ಸಾಕು."

ಮರುದಿನ ಹಾಲಿನ ಬೀಗ ತೆಗೆಯುತ್ತಿದ್ದವನು ಮುನಿರಾಜು. ಜಾಗ ಅವನ ತಾತ ಬಿಟ್ಟುಕೊಟ್ಟದ್ದು, ಹಾಗಾಗಿ ಬೀಗದ ಕೈ ಆ ಮನೆಯಲ್ಲಿ. ಅವಳನ್ನು ನೋಡಿ ಅವನ ಕೈಯಿಂದ ಬೀಗ ಜಾರಿತು.

"ಇಲ್ಲೂ ಇನ್‌ಸ್ಪೆಕ್ಷನ್ನಾ ಮೇಡಂ?"

"ನಿಮ್ಮನ್ನಲ್ಲ. ನನ್ನನ್ನೇ."

ಕ್ಲಾಸು ನಡೆಸುತ್ತಿದ್ದವರು ವೆಂಕಟಸುಬ್ಬಯ್ಯ, ಸರ್ಕಾರಿ ಫ್ಯಾಕ್ಟರಿಯೊಂದರ ನಿವೃತ್ತ ಫೋರ್‌ಮನ್. ಪ್ರಾಣಾಯಾಮವನ್ನೂ ಶಿಫ್ಟ್ ಬದಲಾಯಿಸುವ ದನಿಯಲ್ಲೇ ಹೇಳಿಕೊಡುತ್ತಿದ್ದರು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ತ್ರಿಕೋನಾಸನದಲ್ಲಿ ಈ ಸಾಲು ಆ ಕಡೆಗೂ ಆ ಸಾಲು ಈ ಕಡೆಗೂ ಬಾಗುವಾಗ ಕೈಗಳ ಸಂದಿಯಲ್ಲಿ ಒಬ್ಬರಿಗೊಬ್ಬರು ಕಾಣುತ್ತಿದ್ದರು. ಆಸನ ಕಂಡುಹಿಡಿದ ಋಷಿಗಳಿಗೆ ದಾಸರಹಳ್ಳಿಯ ಹಾಲಿನ ಕಲ್ಪನೆ ಇದ್ದಿರಲಾರದು. ಬಗ್ಗಿದರೆ ಮುನಿರಾಜುವಿನ ಕೈ ಮಂಡಿಯ ಹತ್ತಿರ ನಿಂತುಬಿಡುತ್ತಿತ್ತು. ಅಲ್ಲಿಂದಲೇ, ಮುಖ ಕೆಂಪಗೆ ಮಾಡಿಕೊಂಡು, ಅವಳು ನಕ್ಕಳೋ ಇಲ್ಲವೋ ಎಂದು ನೋಡುತ್ತಿದ್ದ. ಅವಳು ನಗದಿರಲು ಶ್ರಮಪಡುತ್ತಿದ್ದಳು. ಆ ಶ್ರಮ ಅವನಿಗೆ ಕಾಣುತ್ತಿತ್ತು.

ಕ್ಲಾಸು ಮುಗಿದ ಮೇಲೆ ಮೆಟ್ರೋ ಸ್ಟೇಷನ್ನಿನವರೆಗೆ ಬೈಕು ತಳ್ಳಿಕೊಂಡು ಜೊತೆಗೆ ಬರುತ್ತಿದ್ದ.

"ಸ್ಟಾರ್ಟ್ ಆಗಲ್ವಾ ಬೈಕು?"

"ಆಗ್ತದೆ ಮೇಡಂ. ಅದೇ ಪ್ರಾಬ್ಲಮ್ಮು."

ಹೀಗೆ ಎರಡು ತಿಂಗಳು. ಸೊಂಟ ಸಡಿಲವಾಯಿತು, ಬೆಡ್‌ಶೀಟು ಸವೆಯಿತು.

ಸಂಕ್ರಾಂತಿಯ ಮರುದಿನ ವೆಂಕಟಸುಬ್ಬಯ್ಯ ಘೋಷಿಸಿದರು. ಗಾರ್ಮೆಂಟ್ಸ್ ಹೆಂಗಸರಿಗೆ ಸಾಯಂಕಾಲ ಒಂದು ಬ್ಯಾಚು ಬೇಕು. ತಮ್ಮ ಮಂಡಿ ಎರಡು ಹೊತ್ತು ತಡೆಯುವುದಿಲ್ಲ. ನಡೆಸಲು ಒಬ್ಬ ಹೆಂಗಸು ಬೇಕು. "ರಥಸಪ್ತಮಿ ದಿನ ನೂರೆಂಟು ಸೂರ್ಯನಮಸ್ಕಾರ. ಮಧ್ಯೆ ನಿಲ್ಲದೆ ಮುಗಿಸಿದವಳಿಗೆ ಬ್ಯಾಚು. ನಿಂತರೆ ಇಲ್ಲ. ನೂರೆಂಟು ಅಂದ್ರೆ ನೂರೆಂಟು."

ಹೋದ ವರ್ಷ ಒಬ್ಬ ಹೆಂಗಸೂ ಮುಗಿಸಿರಲಿಲ್ಲ. ಶ್ಯಾಮಲಾ ಆ ದಿನವೆಲ್ಲ ಗೇಜು ತಿರುಗಿಸುತ್ತ ಅದನ್ನೇ ಯೋಚಿಸಿದಳು. ಹನ್ನೊಂದು ವರ್ಷ ಬೇರೆಯವರು ಮಾಡಿದ್ದಕ್ಕೆ ಹೌದು, ಅಲ್ಲ ಹೇಳಿದ್ದಾಯಿತು. ಇದೊಂದು ತನ್ನದು. ಇದು ಬೇಕು. ಎಷ್ಟು ಬೇಕು ಎಂದು ಅರಿವಾದಾಗ ಭಯವಾಯಿತು.

ಭಯಕ್ಕೆ ಕಾರಣವೂ ಸಿಕ್ಕಿತು. ರಿಹರ್ಸಲ್ಲಿನ ದಿನ ಎಪ್ಪತ್ತನೆಯದರಲ್ಲಿ ಸೊಂಟ ಕಚ್ಚಿಕೊಂಡು, ನೆಲದಿಂದ ಏಳಲಾಗಲಿಲ್ಲ. ಮುನಿರಾಜು ಓಡಿಹೋಗಿ ಆಟೋ ತಂದ. ಗಂಗಮ್ಮ ಹಿಂದೆ ಕೂತಳು, ಅವನು ಡ್ರೈವರ್ ಪಕ್ಕ ಅರ್ಧ ನೇತಾಡುತ್ತ. ಪ್ರತಿ ಹಂಪ್‌ಗೂ ತಿರುಗಿ ನೋಡುತ್ತಿದ್ದ.

"ಬ್ಯಾಡ ಬಿಡಿ ಮೇಡಂ. ಬ್ಯಾಚೂ ಬ್ಯಾಡ, ಏನೂ ಬ್ಯಾಡ."

"ನಿಮ್ಮನ್ನ ಕೇಳಿದ್ನಾ?"

ಆಮೇಲೆ ಹತ್ತು ದಿನ ಬೈಕು ಜೊತೆಗೆ ಬರಲಿಲ್ಲ. ತ್ರಿಕೋನಾಸನದಲ್ಲಿ ಇಬ್ಬರೂ ನೆಲ ನೋಡಿದರು.

ರಥಸಪ್ತಮಿಯ ಬೆಳಿಗ್ಗೆ ಐದು ಗಂಟೆಗೇ ಹಾಲು ತುಂಬಿತ್ತು. ಮುನಿರಾಜುವಿನ ಬಾಗುವಿಕೆ ನೋಡಿ ನೋಡಿ ಸೋತಿದ್ದ ವೆಂಕಟಸುಬ್ಬಯ್ಯ ಅವನಿಗೆ ಎಣಿಸುವ ಕೆಲಸ ಕೊಟ್ಟಿದ್ದರು: "ನೀನು ಕೂತ್ಕೊಂಡು ಎಣಿಸು. ಅದೇ ದೊಡ್ಡ ಸೇವೆ." ಅವನ ಮುಂದೆ ಎರಡು ಸ್ಟೀಲ್ ತಟ್ಟೆ. ಎಡತಟ್ಟೆಯಲ್ಲಿ ನೂರೆಂಟು ನಟ್ಟು. ಒಂದು ನಮಸ್ಕಾರಕ್ಕೆ ಒಂದು ನಟ್ಟು ಬಲತಟ್ಟೆಗೆ.

ಶ್ಯಾಮಲಾ ಹಾದುಹೋಗುವಾಗ ಒಂದನ್ನು ಎತ್ತಿ ನೋಡಿದಳು. "ಇದು ನಾನು ರಿಜೆಕ್ಟ್ ಮಾಡಿದ್ ಲಾಟಲ್ವಾ?"

"ಮಾರಕ್ಕಂತೂ ಬಿಡ್ಲಿಲ್ಲ ನೀವು. ದೇವ್ರ ಕೆಲ್ಸಕ್ಕಾದ್ರೂ ಬರ್ಲಿ ಅಂತ. ಇಲ್ಲಿ ಗೇಜ್ ಹಾಕಲ್ಲ ತಾನೆ?"

ಹತ್ತು ದಿನದಲ್ಲಿ ಅವರಾಡಿದ್ದು ಇಷ್ಟೇ. ಅವಳ ತುಟಿಯ ಒಂದು ಕೊನೆ ಅಲುಗಿತು. ಬೆಡ್‌ಶೀಟನ್ನು ಮುಂದಿನ ಸಾಲಿನಲ್ಲಿ, ತಟ್ಟೆಗಳ ಎದುರಿಗೇ ಹಾಸಿದಳು.

ಮೊದಲ ಹನ್ನೆರಡಕ್ಕೆ ಸೂರ್ಯನ ಹನ್ನೆರಡು ಹೆಸರು. ಆಮೇಲೆ ಮೇಷ್ಟ್ರ ಆಜ್ಞೆ, ಉಸಿರು, ಠಣ್ ಎಂದು ಬೀಳುವ ನಟ್ಟು. ಅವಳು ಮನಸ್ಸಿನಲ್ಲಿ ಎಣಿಸುತ್ತಿದ್ದಳು. ಅದು ಚಟ, ಬಿಡಲಾಗುತ್ತಿರಲಿಲ್ಲ. ನಲವತ್ತಕ್ಕೆ ಸೀರೆಯುಟ್ಟು ಬಂದಿದ್ದ ಇಬ್ಬರು ಕೂತರು. ಅರವತ್ತಕ್ಕೆ ಗಂಗಮ್ಮ "ನನ್ ಕೈಲಾಗಲ್ಲಪ್ಪ ಸೂರ್ಯದೇವ" ಎಂದು ಗೋಡೆಗೆ ಒರಗಿದಳು. ಎಪ್ಪತ್ತು ಬಂತು. ಶ್ಯಾಮಲಾಳ ಬೆನ್ನು ಅದನ್ನು ನೆನಪಿಟ್ಟುಕೊಂಡಿತ್ತು, ಆದರೂ ಹಾದುಹೋಗಲು ಬಿಟ್ಟಿತು.

"ತೊಂಬತ್ತು" ಎಂದ ಮುನಿರಾಜು. ಹೆಂಗಸರಲ್ಲಿ ಈಗ ಅವಳೊಬ್ಬಳೇ.

ತೊಂಬತ್ತೆರಡಕ್ಕೆ ಎಡಗಾಲು ನಡುಗತೊಡಗಿತು. ಹಿಂದಕ್ಕೆ ಚಾಚಿದಾಗ ಪಾದ ನೆಲಕ್ಕೆ ಟಪಟಪ ಬಡಿಯುತ್ತಿತ್ತು. ತಲೆಯೆತ್ತಿದಾಗ ಮುನಿರಾಜುವಿನ ಮುಖ ಕಂಡಿತು. ಆಟೋದಲ್ಲಿ ತಿರುಗಿ ನೋಡಿದ್ದ ಅದೇ ಮುಖ.

ಠಣ್-ಠಣ್.

ಎರಡು. ಒಂದೇ ನಮಸ್ಕಾರಕ್ಕೆ.

ಕಿವಿಯ ತಪ್ಪಿರಬೇಕು ಎಂದುಕೊಂಡಳು. ಮುಂದಿನದಕ್ಕೆ ಒಂದೇ. ಅದರ ಮುಂದಿನದಕ್ಕೆ ಮತ್ತೆ ಠಣ್-ಠಣ್, ಎರಡನೆಯದು ಮೆಲ್ಲಗೆ, ಬೆರಳಲ್ಲಿ ಹಿಡಿದು ಇಳಿಬಿಟ್ಟ ಹಾಗೆ. ಅವಳು ನೇರವಾಗಿ ಅವನನ್ನು ನೋಡಿದಳು. ಅವನು ತಟ್ಟೆ ನೋಡುತ್ತಿದ್ದ.

ಬೆವರು ಕಣ್ಣಿಗಿಳಿದು ಉರಿಯಿತು. ಕೂಗಿ ಹೇಳಬೇಕೆಂದರೆ ನಿಲ್ಲಬೇಕು. ನಿಂತರೆ ಬ್ಯಾಚು ಹೋಯಿತು. ಸುಮ್ಮನಿದ್ದರೆ ಬ್ಯಾಚು ಸಿಕ್ಕಿತು, ಆದರೆ ಅದಕ್ಕೆ ಯಾವ ಚೀಟಿ ಅಂಟಿಸುವುದು? ಅವಳ ಸಿಟ್ಟು ಕಾಲಿಗಿಳಿಯಿತು. ಒಂದು ರೀತಿಯಲ್ಲಿ ಅದು ಉಪಯೋಗಕ್ಕೆ ಬಂತು. ಇನ್ನೆರಡು ಸಲ ಆ ಜೋಡಿ ಸದ್ದು. ಅವಳು ತನ್ನ ಲೆಕ್ಕ ಬಿಡಲಿಲ್ಲ.

"ನೂರೆಂಟು!"

ಅವಳ ಲೆಕ್ಕದಲ್ಲಿ ನೂರಾ ನಾಲ್ಕು.

"ಶವಾಸನ" ಎಂದರು ಮೇಷ್ಟ್ರು, ತಾವೂ ಕುರ್ಚಿಯಲ್ಲಿ ಕಣ್ಣು ಮುಚ್ಚಿದರು. ಉಳಿದಿದ್ದ ಹತ್ತಾರು ಗಂಡಸರು ಗೋಣಿಚೀಲಗಳ ಹಾಗೆ ಉರುಳಿದರು. ಹಾಲೆಲ್ಲ ನೆಲಕ್ಕೊರಗಿತು.

ಶ್ಯಾಮಲಾ ನಿಂತೇ ಇದ್ದಳು. ಕೈ ಜೋಡಿಸಿದಳು. ಮೇಲಕ್ಕೆತ್ತಿದಳು. ಬಾಗಿದಳು.

ನೂರಾ ಐದು.

ಮುನಿರಾಜು ಅವಳನ್ನೇ ನೋಡಿದ. ಬಣ್ಣ ಇಳಿದ ಮುಖದಲ್ಲಿ, ತುಂಬಿದ ತಟ್ಟೆಯಿಂದ ನಾಲ್ಕು ನಟ್ಟು ಎತ್ತಿ ಖಾಲಿ ತಟ್ಟೆಗೆ ವಾಪಸು ಇಟ್ಟ. ಅವಳು ನಮಸ್ಕಾರ ಮುಗಿಸಿ ನೆಟ್ಟಗಾದಾಗ ಒಂದನ್ನು ಈಚೆಗೆ ಹಾಕಿದ.

ಠಣ್.

"ಏನದು ಸದ್ದು?" ಮೇಷ್ಟ್ರು ಕಣ್ಣು ಬಿಟ್ಟರು.

"ಸಾರ್..." ಅವನು ಎದ್ದು ನಿಂತ. "ನೂರೆಂಟಾಗಿಲ್ಲ ಸಾರ್. ನೂರಾ ನಾಕು. ನಾನೇ ನಾಕ್ ಸಲ ಎರಡೆರಡು ಹಾಕ್ದೆ. ಅವ್ರಿಗೆ ಗೊತ್ತಿಲ್ದಂಗೆ."

ಶವಾಸನದಲ್ಲಿದ್ದವರೆಲ್ಲ ಜೀವ ಬಂದು ತಲೆಯೆತ್ತಿದರು. ಶ್ಯಾಮಲಾ ನೂರಾ ಆರರ ಮಧ್ಯೆ ಇದ್ದಳು.

"ಯಾಕಯ್ಯಾ?"

ಮುನಿರಾಜು ಅವಳ ನಡುಗುತ್ತಿದ್ದ ಆ ಕಾಲನ್ನು ನೋಡುತ್ತ ನಿಂತ.

"ಅಯ್ಯೋ, ಯಾಕೆ ಅಂತ ಕೇಳ್ತೀರಲ್ಲ ಸಾರ್" ಎಂದಳು ಗೋಡೆಯ ಹತ್ತಿರದಿಂದ ಗಂಗಮ್ಮ. "ಇಡೀ ಹಾಲ್‌ಗೆ ಗೊತ್ತು."

ಯಾರೋ ಕೆಮ್ಮಿದರು. ಮೇಷ್ಟ್ರು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ಗಂಡಸರ ಕಡೆ ತಿರುಗಿದರು. "ಏನ್ ಮಲಗಿದ್ದೀರಿ? ಏಳ್ರೀ! ನಿಮ್ದೂ ನಾಲ್ಕು ಬಾಕಿ ಇದೆ!" ಗಂಡಸರ ಸಾಲು ಮುನಿರಾಜುವಿನ ಹೆಸರು ಹೇಳಿಕೊಂಡು ಮೇಲೆದ್ದಿತು. ಆಶೀರ್ವಾದದ ಮಾತುಗಳಾಗಿರಲಿಲ್ಲ ಅವು.

ನೂರಾ ಏಳು. ಅವಳ ಕಣ್ಣಿಗೆ ಕತ್ತಲೆ ಬಂದು ಹೋಯಿತು. ಕೈ ಊರಿದಾಗ ಮೊಣಕೈ ಕುಸಿಯಿತು. ಗಲ್ಲ ಬೆಡ್‌ಶೀಟಿಗೆ ತಾಗಿತು. ಮುನಿರಾಜು ಒಂದು ಹೆಜ್ಜೆ ಮುಂದಿಟ್ಟ.

"ಬರ್ಬೇಡಿ" ಎಂದಳು ನೆಲದಿಂದಲೇ.

ಅವನು ನಿಂತ. ಎಣಿಸುವುದು ಬಿಟ್ಟರೆ ತನ್ನಿಂದ ಏನೂ ಬೇಡವೆಂದು ಅರ್ಥವಾದವನ ಹಾಗೆ ಮತ್ತೆ ಕೂತು, ಕೊನೆಯ ನಟ್ಟನ್ನು ಬೆರಳಲ್ಲಿ ಹಿಡಿದು ಕಾದ. ಅವಳು ಎದ್ದಳು. ಇಡೀ ಹಾಲಿನಲ್ಲಿ ಅವಳ ಉಸಿರಿನ ಸದ್ದು. ಪೂರ್ವದ ಕಿಟಕಿಯ ಸರಳುಗಳ ನಡುವೆ, ಮೆಟ್ರೋ ಕಂಬದ ಪಕ್ಕದಿಂದ, ಯಾರ ಹೆಸರಲ್ಲಿ ಇಷ್ಟೆಲ್ಲ ನಡೆದಿತ್ತೋ ಅವನು ಹುಟ್ಟಿದ.

ಠಣ್.

"ನೂರೆಂಟು" ಎಂದ ಮುನಿರಾಜು. ಆ ನಟ್ಟನ್ನು ತಟ್ಟೆಯಿಂದ ಮತ್ತೆ ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡ.

"ಸೋಮವಾರದಿಂದ ಸಾಯಂಕಾಲದ ಬ್ಯಾಚು ನಿಂದಮ್ಮ" ಎಂದರು ಮೇಷ್ಟ್ರು. "ಮುನಿರಾಜು, ನಿನ್ನ ಎಣಿಕೆ ಇವತ್ತಿಗೆ ಮುಗೀತು."

ಹೊರಗೆ, ಚಪ್ಪಲಿಗಳ ಹತ್ತಿರ, ಅವನು ಬೈಕಿನ ಪಕ್ಕ ನಿಂತಿದ್ದ. ಶ್ಯಾಮಲಾ ಮೆಟ್ಟಿಲನ್ನು ಒಂದೊಂದಾಗಿ ಇಳಿದಳು.

"ಅವತ್ತೂ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರಿ. ಇವತ್ತು ಕೇಳದೇನೇ ಮಾಡಿಬಿಟ್ರಿ."

"ನೀವು ಬಿದ್ಬಿಟ್ರೆ ಅಂತ..."

"ಬಿದ್ರೆ ಬೀಳ್ತೀನಿ. ನನ್ನ ಕಾಲು ಅದು. ಚೆಕ್ ಮಾಡೋಕ್ ಮುಂಚೇನೇ ನನಗೆ ಕೆಂಪು ಚೀಟಿ ಅಂಟಿಸಿದ್ರಲ್ಲ. ನಿಮ್ಮ ನಟ್ಟಿಗೂ ನಾನು ಹಾಗೆ ಮಾಡ್ಲಿಲ್ಲ."

"ಅಂಗಲ್ಲ ಮೇಡಂ." ಅವನು ಬೈಕಿನ ಕನ್ನಡಿಯನ್ನು ಸುಮ್ಮನೆ ತಿರುಗಿಸಿದ. "ಅವತ್ತು ಆಟೋದಲ್ಲಿ ನೀವು ಅಳ್ಲಿಲ್ಲ. ಕೈ ಕಚ್ಕೊಂಡು ಕೂತಿದ್ರಿ. ನಂಗದು ಕಣ್ಣಿಂದ ಹೋಗ್ತಾನೇ ಇಲ್ಲ. ಮತ್ತೆ ನೋಡಕ್ಕಾಗಲ್ಲ ಅನ್ನಿಸ್ತು. ತಪ್ಪಾಯ್ತು. ನಿಮ್ಮನ್ನ ಕಂಡ್ರೆ ನಂಗೆ..."

ನಿಲ್ಲಿಸಿಬಿಟ್ಟ. ಕನ್ನಡಿ ಈಗ ಅವಳ ಕಡೆಗಿತ್ತು.

"ಪೂರ್ತಿ ಹೇಳಿ" ಎಂದಳು ಶ್ಯಾಮಲಾ. "ಮಧ್ಯೆ ನಿಂತರೆ ಇಲ್ಲ."

"ಇಷ್ಟ ಮೇಡಂ."

"ಮೇಡಂ ಬಿಟ್ಟು."

ಅವನು ಉಸಿರೆಳೆದುಕೊಂಡ, ಮೇಷ್ಟ್ರು ಹೇಳಿಕೊಟ್ಟ ಹಾಗೆ, ಹೊಟ್ಟೆಯವರೆಗೆ. "ಇಷ್ಟ, ಶ್ಯಾಮಲಾ." ಕನ್ನಡಿಯಿಂದ ಕೈ ತೆಗೆದು, "ರಿಜೆಕ್ಟಾ?"

ಅವಳು ಅವನನ್ನು ತುದಿಯಿಂದ ತುದಿಗೆ ನೋಡಿದಳು. ಅವನು ನಿಜಕ್ಕೂ ಬೆವರಿದ.

"ರೀವರ್ಕ್. ಸರಿ ಮಾಡ್ಕೊಂಡು ಮತ್ತೆ ಇನ್‌ಸ್ಪೆಕ್ಷನ್‌ಗೆ ಬರ್ಬೇಕು. ಭಾನುವಾರ, ನಮ್ಮನೆಗೆ. ಅಮ್ಮ ನನಗಿಂತ ಸ್ಟ್ರಿಕ್ಟು." ಕೈ ಚಾಚಿದಳು. "ಆ ಕೊನೇ ನಟ್ಟು ಕೊಡಿ."

ಅದು ಇನ್ನೂ ಅವನ ಮುಷ್ಟಿಯಲ್ಲೇ ಇತ್ತು, ಬೆಚ್ಚಗೆ.

ಅದೇ ದಿನ ಹನ್ನೊಂದು ಗಂಟೆಗೆ, ಕಂಪ್ರೆಸರ್ ಸದ್ದಿನ ನಡುವೆ, ಶ್ಯಾಮಲಾ ಟೇಬಲ್ಲಿನ ಮೇಲೆ ಆ ನಟ್ಟನ್ನು ಇಟ್ಟು, ಅಭ್ಯಾಸಬಲದಿಂದ ಗೇಜು ಎತ್ತಿಕೊಂಡಳು. ಕೆಂಪು ತುದಿ ಸಲೀಸಾಗಿ ಒಳಗೆ ಹೋಯಿತು, ಮನೆ ಅಳಿಯನ ಹಾಗೆ. ಸುತ್ತ ಯಾರೂ ನೋಡುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಅಂಥದ್ದನ್ನು ರಿಜೆಕ್ಟಿನ ಕೆಂಪು ಡಬ್ಬಕ್ಕೆ ಹಾಕಲಿಲ್ಲ. ಪರ್ಸಿನ ಒಳಜೇಬಿಗೆ ಹಾಕಿ, ಜಿಪ್ಪು ಎಳೆದಳು.