ದೇವನಕ್ಕಿಯ ಲೆಕ್ಕ

ಹಕ್ಕಿಗಳಿಗೆ ಎಣಿಸಲು ಬರುವುದಿಲ್ಲ. ಚಿತ್ರ ತೆಗೆಯಲು ಕಟ್ಟಿದ ಬಟ್ಟೆಯ ಮರೆಯೊಳಗೆ ಇಬ್ಬರು ಹೊಕ್ಕು ಒಬ್ಬರು ಹೊರಟುಹೋದರೆ, ಮರೆ ಖಾಲಿಯಾಯಿತೆಂದು ಹತ್ತಿರ ಬರುತ್ತವೆ. ಹಾಗೆ ಹೊರಡುವ ಕೆಲಸ ಗೆಳತಿ ಪಲ್ಲವಿಯದು. ಅಂದು ಅವಳಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ.

"ಒಬ್ನ ಹೋಗಬ್ಯಾಡಲೇ, ಒಂದ್ ಹಕ್ಕಿನೂ ಹತ್ರ ಬರಂಗಿಲ್ಲ," ಎಂದು ಫೋನಿನಲ್ಲಿ ನಕ್ಕಳು.

ಆದರೆ ಕೆರೆಯ ನೀರುಹಕ್ಕಿ ದೇವನಕ್ಕಿಯ ಮರಿಗಳು ಬೆಳೆಯುತ್ತಿದ್ದವು. ತಂದೆ ದೇವನಕ್ಕಿ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ನಡೆಯುವ ಚಿತ್ರ ಈಗ ತಪ್ಪಿದರೆ ಮತ್ತೆ ಮುಂದಿನ ಮಳೆಗಾಲವೇ. ಕಂಪ್ಲಿಯ ಕೆರೆಯಂಚಿನ ಮರೆಯಲ್ಲಿ ಒಬ್ಬನೇ ಕುಳಿತೆ. ಬಿಸಿಲೇರಿದರೂ ಹಕ್ಕಿ ದೂರವೇ ಉಳಿಯಿತು. ಬ್ಯಾಗು ಇಡಲು ಪಲ್ಲವಿಯ ಸ್ಟೂಲ್ ಮುಟ್ಟಿದೆ. ಯಾರೋ ಕುಳಿತು ಎದ್ದಂತೆ ಬೆಚ್ಚಗಿತ್ತು.

ಬಟ್ಟೆಯ ಬಾಗಿಲು ಎದ್ದು ಬಿತ್ತು. ನೀರಲ್ಲಿ ಹೆಜ್ಜೆಯ ಸಪ್ಪಳ ನಿಧಾನವಾಗಿ ದಡದತ್ತ ಸರಿಯಿತು. ಕ್ಯಾಮೆರಾವನ್ನು ಆ ಸಪ್ಪಳದತ್ತ ತಿರುಗಿಸಿ ಕ್ಲಿಕ್ಕಿಸಿದೆ. ಆಮೇಲೆ ದೇವನಕ್ಕಿ ತಾವರೆ ಎಲೆಗಳ ಮೇಲೆ ನೇರ ನನ್ನತ್ತಲೇ ಬಂತು. ರೆಕ್ಕೆಯಡಿಯಿಂದ ಮರಿಗಳ ಕಾಲುಗಳು ಜೋತಾಡುತ್ತಿದ್ದವು. ಸಿಕ್ಕಿತು!

"ಮಸ್ತ್ ಐತಲೇ!" ಸಂಜೆ ಚಿತ್ರ ನೋಡಿ ಪಲ್ಲವಿ ಕುಣಿದಳು. "ನಿನ್ ಜೋಡಿ ಯಾರ್ ಬಂದಿದ್ರು?"

ಮೊದಲು ತೆಗೆದ ಚಿತ್ರ ತೋರಿಸಿದೆ. ಕೆರೆಯ ಹಕ್ಕಿಗಳೆಲ್ಲ ಕತ್ತು ಹೊರಳಿಸಿ ಖಾಲಿ ದಡವನ್ನೇ ನೋಡುತ್ತಿದ್ದವು.

ಈಗ ಒಬ್ಬನೇ ಹೋಗುತ್ತೇನೆ. ಎರಡು ಸ್ಟೂಲ್ ಹಾಕುತ್ತೇನೆ. ಹಕ್ಕಿಗಳು ತಪ್ಪದೆ ಬರುತ್ತವೆ.