ಕ್ಲೆಮ್ ನಗುತ್ತಿದ್ದ ಜಾಗ

"ಆ ಹೆಂಗಸಿನ ಹೆಸರು ನನ್ನ ಗಂಡನ ಅಂತ್ಯಸಂಸ್ಕಾರದಲ್ಲಿ ಯಾರ ಬಾಯಲ್ಲೂ ಬರಕೂಡದು!"

ಲೋರ್ನಾ ಬಟ್ಟಲನ್ನು ಕುಕ್ಕಿದ ರಭಸಕ್ಕೆ ಚಹಾ ಚೆಲ್ಲಿ ತಟ್ಟೆಯ ಬಿಸ್ಕತ್ತುಗಳೆಲ್ಲ ನೆನೆದವು. ಎದುರಿಗೆ ಕುಳಿತಿದ್ದ ಗ್ಲೆನಿಸ್ ಬೆಚ್ಚಿದಳು. ಅಡಿಲೇಡ್ ನಗರದ ಆ ಕಾರ್ಮಿಕರ ಬಡಾವಣೆಯಲ್ಲಿ, ಪಾದ್ರಿ ಬೇಡವೆನ್ನುವ ಮನೆಗಳ ಅಂತ್ಯವಿಧಿ ನಡೆಸಿ, ಸತ್ತವರ ಬದುಕನ್ನು ನೆನೆದು ಮಾತಾಡುವುದು ಅವಳ ಉದ್ಯೋಗ. ನಾಳೆ ಕ್ಲೆಮ್‌ನ ಸರದಿ. ಕಾರು ಕಾರ್ಖಾನೆಯಲ್ಲಿ ತಗಡನ್ನು ಒತ್ತಿ ಬಾಗಿಲು ಮಾಡುವ ದೈತ್ಯ ಯಂತ್ರಗಳ ನಡುವೆ ಆಯುಷ್ಯ ಸವೆಸಿದವನು ಕ್ಲೆಮ್. ಅವನ ಬಗ್ಗೆ ಕೇಳಿದರೆ ಜೊತೆಗಾರರೆಲ್ಲ ಹೇಳಿದ್ದು ಒಂದೇ: "ಅವನ ಪಕ್ಕದ ಯಂತ್ರದ ಮಿಲ್ಕಾಳನ್ನ ಕೇಳಿ. ಅವರಿಬ್ಬರಿದ್ದ ಕಡೆ ಬರೀ ನಗು!"

"ನಗು!" ಲೋರ್ನಾ ಸಿಡುಕಿದಳು. "ಈ ಮನೇಲಿ ಅವನು ನಕ್ಕಿದ್ದೇ ಇಲ್ಲ ಕಣಮ್ಮಾ. ಬರೋದು, ಪೇಪರ್ ಹಿಡಿಯೋದು. ಅವನ ಬೆನ್ನಿಗೆ ಮಾತಾಡಿ ಮಾತಾಡಿಯೇ ನಾನು ಮುದುಕಿಯಾದೆ. ನಗೋಕೆ ಆ ಮಾಯಗಾತಿ ಬೇಕಿತ್ತು!"

ಕಾರ್ಖಾನೆಯ ಕ್ರಿಸ್ಮಸ್ ಕೂಟದಲ್ಲಿ ಒಮ್ಮೆ ಲೋರ್ನಾ ಕಣ್ಣಾರೆ ಕಂಡಿದ್ದಳು... ಮರದಡಿ ಮಿಲ್ಕಾ ಅವನ ಮುಖಕ್ಕೆ ಮುಖ ತಂದು ಏನೋ ಹೇಳುತ್ತಿದ್ದಳು. ಕ್ಲೆಮ್ ಕಣ್ಣು ಕೀಲಿಸಿ ಅವಳನ್ನೇ ನೋಡುತ್ತಿದ್ದ. ಆಮೇಲೆ ತಲೆ ಹಿಂದಕ್ಕೆಸೆದು ಗಹಗಹಿಸಿದ. ತನ್ನನ್ನು ಎಂದಾದರೂ ಹಾಗೆ ನೋಡಿದ್ದನೇ? ಆ ಕಿಚ್ಚು ಅಂದಿನಿಂದ ಆರಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಬಂದವಳು ಮಿಲ್ಕಾಳೇ! ಕೈಯಲ್ಲಿ ಎಲೆಕೋಸಿನಲ್ಲಿ ಸುತ್ತಿ ಬೇಯಿಸಿದ ಮಾಂಸದ ಪಾತ್ರೆ.

ಲೋರ್ನಾ ಮುಖ ತಿರುಗಿಸಿ ಏನೋ ಗೊಣಗಿದಳು.

"ಬೈಯೋದಾದ್ರೆ ನನ್ನ ಕಡೆ ತಿರುಗಿ ಬೈಯೇ ಲೋರ್ನಾ," ಮಿಲ್ಕಾ ಗಟ್ಟಿಯಾಗಿ ಹೇಳಿದಳು. "ಕಿವಿ ಕೇಳಿಸಲ್ಲ ನನಗೆ. ಆ ಯಂತ್ರಗಳ ಸದ್ದಲ್ಲಿ ದುಡಿದ ನಮಗ್ಯಾರಿಗೂ ಕೇಳಿಸಲ್ಲ. ಕ್ಲೆಮ್‌ಗೂ ಅಷ್ಟೇ. ತುಟಿ ನೋಡ್ಕೊಂಡೇ ಮಾತಾಡ್ತಿದ್ವಿ."

ಲೋರ್ನಾ ಗಕ್ಕನೆ ತಿರುಗಿದಳು. "ಸುಳ್ಳು! ಹಾಗಿದ್ರೆ ನನಗೆ ಹೇಳ್ತಿರಲಿಲ್ವಾ?"

"ಹೇಗೆ ಹೇಳ್ತಾನೆ? ನಿನ್ನದು ಮೆಲುದನಿ. ಅವನ ಕಿವಿಯಿಂದ ಎಲ್ಲಕ್ಕಿಂತ ಮೊದಲು ಅದೇ ಹೋಯ್ತಂತೆ. 'ಆ ದನಿಗೆ ಸೋತು ಕಟ್ಕೊಂಡವನು ನಾನು, ಅದೇ ಕೇಳ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ ಮಿಲ್ಕಾ' ಅಂತ ಗೋಳೋ ಅಂತ ಅತ್ತುಬಿಟ್ಟಿದ್ದ."

ಲೋರ್ನಾ ಕ್ಲೆಮ್‌ನ ಖಾಲಿ ಕುರ್ಚಿಯತ್ತ ನೋಡಿದಳು. ಇಷ್ಟು ವರ್ಷ ತನ್ನನ್ನು ಸುಟ್ಟ ಮೌನ ತಾತ್ಸಾರದ್ದಲ್ಲ... ನಾಚಿಕೆಯದ್ದು! ಒಮ್ಮೆ ಅವನ ಮುಖ ಹಿಡಿದು ತಿರುಗಿಸಿಕೊಂಡಿದ್ದರೆ ಸಾಕಿತ್ತಲ್ಲ! ಆದರೂ ಬಿಕ್ಕಳಿಕೆಯ ನಡುವೆ ಅವಳ ಬಾಯಿಂದ ಹೊರಟದ್ದು ಇಷ್ಟೇ: "ಅತ್ತಿದ್ದೂ... ನಿನ್ನ ಮುಂದೇನೇ!"

ಗ್ಲೆನಿಸ್ ಅಳುಕುತ್ತಲೇ ಕೇಳಿದಳು, "ನಾಳೆ ನಾನು ಏನು ಹೇಳಲಿ?"

ಲೋರ್ನಾ ಕಣ್ಣೊರೆಸಿಕೊಂಡಳು. "ಎಲ್ಲಾ ಹೇಳು. ನಗ್ತಿದ್ದ ಅಂತಲೂ ಹೇಳು. ಗಟ್ಟಿಯಾಗಿ ಹೇಳಮ್ಮಾ, ಬರೋರೆಲ್ಲ ಕಿವುಡರೇ."

ಮರುದಿನ ಚಿತಾಗಾರದ ಸಭಾಂಗಣ ತುಂಬಿತ್ತು. ಗ್ಲೆನಿಸ್ ನಿಧಾನವಾಗಿ, ಒಂದೊಂದು ಮಾತಿಗೂ ತುಟಿ ಬಿಡಿಸಿ ಕ್ಲೆಮ್‌ನ ಬದುಕು ಹೇಳತೊಡಗಿದಳು. ಮಿಲ್ಕಾ ಹಿಂದೆ ಬಾಗಿಲ ಬಳಿಯೇ ನಿಂತಿದ್ದಳು. ಲೋರ್ನಾ ಎದ್ದುಹೋಗಿ ಅವಳ ಮಣಿಕಟ್ಟು ಹಿಡಿದು ಎಳೆತಂದು, ಮುಂದಿನ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು.

ಮುಖಕ್ಕೆ ಮುಖ ತಂದು ಹೇಳಿದಳು, "ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ, ತಿಳ್ಕೋ."

ಮಿಲ್ಕಾ ಅವಳ ತುಟಿಯನ್ನೇ ನೋಡಿ ತಲೆಯಾಡಿಸಿದಳು.

"ನನಗೂ ಇತ್ತು ಕಣೇ. ಪಾಳಿ ಮುಗಿಯೋದೇ ತಡ, ಅವನು ನಿನ್ನ ಹತ್ರಕ್ಕೇ ಓಡ್ತಿದ್ದ."