ಬೇಡವೆಂದು ಬದಿಗಿಟ್ಟ ಟೈರು

"ಅದನ್ನ ಮುಟ್ಬೇಡಿ!"

ಆ ಗದರಿಕೆಗೆ ಪುಟ್ಟಲಕ್ಷ್ಮಿ ಬೆಚ್ಚಿಬಿದ್ದಳು.

ಭದ್ರಾವತಿಯ ಓಲ್ಡ್ ಟೌನಿನ ಆ ಟೈರು ಅಂಗಡಿಯ ಮೂಲೆಯಲ್ಲಿ, ಅವಳು ತಿಂಗಳಿಂದ ಹುಡುಕುತ್ತಿದ್ದ ಅಳತೆಯ ಟೈರು ಗೋಡೆಗೆ ಒರಗಿ ನಿಂತಿತ್ತು. ಶಿವಮೊಗ್ಗದಲ್ಲಿ ಸಿಗದ ಟೈರು!

"ಯಾಕೆ ಮುಟ್ಬಾರ್ದು? ದುಡ್ಡು ಕೊಟ್ಟೇ ತಗೋತೀನಿ."

"ಮಾರೋದಲ್ಲ ಅದು." ಎದುರು ನಿಂತವನು ಅಂಗಡಿಯ ಯಜಮಾನ ಶಿವರಾಮ. ಮೂವತ್ತರ ಒಳಗಿನ ವಯಸ್ಸು, ತೋಳಿನವರೆಗೂ ಮಸಿ.

"ಕಾಳಸಂತೇಲಿ ಮಾರೋಕೆ ಇಟ್ಕೊಂಡಿದೀರಾ?"

ಅವನ ಮುಖ ಕೆಂಪಾಯಿತು. ಟೈರನ್ನು ಉರುಳಿಸಿಕೊಂಡು ಬಂದು ಅವಳ ಮುಂದೆ ನಿಲ್ಲಿಸಿದ. "ಒಳಗೆ ಕೈಯಾಡಿಸಿ ನೋಡಿ."

ಅವಳು ಹಿಂಜರಿದಾಗ ಅವನೇ ಅವಳ ಮಣಿಕಟ್ಟು ಹಿಡಿದು ಒಳಗೆ ಮುಟ್ಟಿಸಿದ. ಒಳಗಿನ ನೂಲಿನ ಪದರ ಬೆರಳಿಗೆ ಎಳೆಎಳೆಯಾಗಿ ಕಿತ್ತು ಬಂತು.

"ಮೇಲೆ ಚೆನ್ನಾಗಿದೆ, ಒಳಗೆ ಸತ್ತಿದೆ. ಭಾರ ಹೇರಿದ್ರೆ ಸಿಡಿಯುತ್ತೆ. ಜನ ಸಾಯ್ತಾರೆ ಕಣ್ರೀ!"

ಅಷ್ಟು ಹೇಳಿದ ಮೇಲೆ, ತಾನಿನ್ನೂ ಅವಳ ಕೈ ಹಿಡಿದೇ ಇದ್ದೇನೆಂದು ಅವನಿಗೆ ಹೊಳೆಯಿತು. ಥಟ್ಟನೆ ಬಿಟ್ಟ. ಅವಳ ಎದೆ ಹೊಡೆದುಕೊಳ್ಳುತ್ತಿತ್ತು... ಸಿಟ್ಟಿಗೋ, ಬೇರೆ ಯಾವುದಕ್ಕೋ!

ಅದು ಯುದ್ಧದ ಕಾಲ, ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ರಬ್ಬರು ಬೆಳೆಯುವ ಮಲಯಾ ಜಪಾನಿನ ಕೈಸೇರಿದ ಮೇಲೆ ರಬ್ಬರು ಬಂಗಾರವಾಗಿತ್ತು. ಹೊಸ ಟೈರಿಗೆ ಸರ್ಕಾರದ ಪರ್ಮಿಟ್ಟು ಬೇಕು. ಪುಟ್ಟಲಕ್ಷ್ಮಿಯ ಮನೆಯ ಲಾರಿಯಂತೂ ಅವಳು ಲಂಗ ಉಡುತ್ತಿದ್ದ ಕಾಲದ್ದು. ಆ ಅಳತೆಯ ಟೈರು ಬರುವುದೇ ನಿಂತುಹೋಗಿತ್ತು.

ಆಯನೂರಿನ ಪುಟ್ಟಯ್ಯನವರಿಗೆ ಅವಳೊಬ್ಬಳೇ ಮಗಳು. ಅವರು ಮಂಡಿನೋವಿನಿಂದ ಮೂಲೆ ಹಿಡಿದ ಮೇಲೆ ಗದ್ದೆ, ಲಾರಿ ಎರಡನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. 'ಹೆಣ್ಣು ಹುಡುಗಿ ಲಾರಿ ಓಡಿಸ್ತಾಳಂತೆ' ಎಂದು ದಾಯಾದಿಗಳು ಜಗಲಿಯಲ್ಲಿ ಕೂತು ನಗುತ್ತಿದ್ದರು. ಸುಗ್ಗಿ ಮುಗಿದಿತ್ತು. ಭತ್ತ ಶಿವಮೊಗ್ಗದ ಮಿಲ್ಲಿಗೆ ಹೋಗಬೇಕಿತ್ತು. ಲಾರಿಯ ಹಿಂದಿನ ಟೈರು ಹರಿದುಹೋಗಿತ್ತು.

'ಒಂದೇ ಒಂದು ಸಲ... ನಿಧಾನವಾಗಿ ಹೋದರೆ ಏನಾಗುತ್ತದೆ?'

ಆ ಯೋಚನೆ ಅವಳನ್ನು ಬಿಡಲಿಲ್ಲ. ಶಿವರಾಮ ಊರಲ್ಲಿಲ್ಲದ ದಿನ ನೋಡಿ ಡ್ರೈವರ್ ವೀರಪ್ಪನನ್ನು ಅಂಗಡಿಗೆ ಕಳಿಸಿದಳು. ಅಲ್ಲಿದ್ದ ಶಿವರಾಮನ ಚಿಕ್ಕಪ್ಪ ಹೊನ್ನಯ್ಯನಿಗೆ ವಿಷಯ ಗೊತ್ತಿರಲಿಲ್ಲ. ಕೇಳಿದ ಟೈರನ್ನು ಕೊಟ್ಟು ಕಳಿಸಿದ.

ಟೈರು ಒಳಗೆ ಸತ್ತಿದೆಯೆಂದು ವೀರಪ್ಪನಿಗೂ ಅವಳು ಹೇಳಲಿಲ್ಲ.

ಭತ್ತ ಹೇರಿದ ಲಾರಿಯಲ್ಲಿ ಪುಟ್ಟಲಕ್ಷ್ಮಿ ವೀರಪ್ಪನ ಪಕ್ಕ ಕೂತಿದ್ದಳು. ಆಯನೂರು ಬಿಟ್ಟು ಶಿವಮೊಗ್ಗದ ರಸ್ತೆಯಲ್ಲಿ ಅರ್ಧ ದಾರಿ ಬಂದಿರಬೇಕು. ಕೋವಿ ಹಾರಿಸಿದಂಥ ಸದ್ದು!

ಲಾರಿ ಒಂದು ಕಡೆಗೆ ವಾಲಿತು. ವೀರಪ್ಪ ಹೇಗೋ ನಿಲ್ಲಿಸಿದ. ಆದರೆ ಚೀಲಗಳ ಮೇಲೆ ಕೂತಿದ್ದ ಕಾಶಮ್ಮ ರಸ್ತೆಗೆ ಬಿದ್ದಿದ್ದಳು. ತಾಯಿಯಿಲ್ಲದ ಪುಟ್ಟಲಕ್ಷ್ಮಿಗೆ ಜಡೆ ಹಾಕಿ ಬೆಳೆಸಿದ ಕಾಶಮ್ಮ! ಅವಳ ಬಲಗೈ ಮೊಣಕೈಯ ಕೆಳಗೆ ತಿರುಚಿಕೊಂಡಿತ್ತು.

"ಪುಟ್ಟವ್ವಾ... ನಿಂಗೇನೂ ಆಗಿಲ್ಲ ತಾನೆ?" ಎಂದಳು ಕಾಶಮ್ಮ, ನೋವಿನಲ್ಲೂ.

ಪುಟ್ಟಲಕ್ಷ್ಮಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಶಿವಮೊಗ್ಗದ ಆಸ್ಪತ್ರೆಯ ಜಗಲಿಯಲ್ಲಿ ಊರಿನ ಜನ ಸೇರಿದ್ದರು. ಪುಟ್ಟಯ್ಯನವರು ಕೋಲೂರಿಕೊಂಡು ಬಂದಿದ್ದರು. "ಯಾವನು ಆ ಟೈರು ಕೊಟ್ಟೋನು?"

"ಭದ್ರಾವತಿ ಶಿವರಾಮನ ಅಂಗಡಿದು, ಗೌಡ್ರೇ," ಎಂದ ವೀರಪ್ಪ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಸುದ್ದಿ ತಿಳಿದು ಶಿವರಾಮನೇ ಓಡಿ ಬಂದ. ಮೆಟ್ಟಿಲು ಹತ್ತುವ ಮೊದಲೇ ಪುಟ್ಟಯ್ಯನವರು ಅವನ ಅಂಗಿ ಹಿಡಿದರು.

"ಹಾಳು ಟೈರು ಮಾರಿ ಜನಾನ ಸಾಯಿಸ್ತೀಯೇನೋ! ಹೊಟ್ಟೆಗೆ ಅನ್ನ ತಿಂತೀಯಾ, ಮಣ್ಣು ತಿಂತೀಯಾ?"

ಶಿವರಾಮ ಒಮ್ಮೆ ಪುಟ್ಟಲಕ್ಷ್ಮಿಯ ಕಡೆ ನೋಡಿದ. ಒಂದೇ ಒಂದು ಸಲ.

'ಹೇಳು... ಈಗಲೇ ಹೇಳು!' ಅವಳ ಮನಸ್ಸು ಚೀರುತ್ತಿತ್ತು. ಸುತ್ತ ದಾಯಾದಿಗಳು ನಿಂತಿದ್ದರು. ಅವಳ ನಾಲಿಗೆ ಏಳಲಿಲ್ಲ. ಕಣ್ಣು ನೆಲಕ್ಕಿಳಿಯಿತು.

"ಟೈರು ನನ್ನ ಅಂಗಡಿದೇ," ಎಂದ ಶಿವರಾಮ ಮೆಲ್ಲಗೆ. "ತಪ್ಪಾಯ್ತು."

ತಲೆ ತಗ್ಗಿಸಿ ಹೊರಟುಹೋದ. ಆ ಬಾಗಿದ ಬೆನ್ನು ಅವಳ ಕಣ್ಣಿಂದ ಮರೆಯಾಗಲೇ ಇಲ್ಲ.

ಆಮೇಲಿನ ದಿನಗಳಲ್ಲಿ ಅವಳು ಭದ್ರಾವತಿಯ ಕಡೆ ತಲೆ ಹಾಕಲಿಲ್ಲ. ಕನ್ನಡಿ ಮುಂದೆ ನಿಂತರೆ ತನ್ನ ಮುಖವೇ ಬೇಡವಾಗುತ್ತಿತ್ತು. ವೀರಪ್ಪ ಭದ್ರಾವತಿಗೆ ಹೋಗಿ ಬಂದವನು, "ಆ ಅಂಗಡಿಗೆ ಈಗ ಯಾರೂ ಕಾಲಿಡ್ತಿಲ್ಲ ಕಣವ್ವ. ನೊಣ ಹೊಡೀತಾ ಕೂತವ್ನೆ" ಎಂದಾಗ ಒಳಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಕಾಶಮ್ಮ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಿದ್ದಳು.

"ಯಾಕವ್ವ, ನನ್ನ ಕಂಡ್ರೆ ಮುಖ ತಿರುಗಿಸ್ತೀಯಾ?"

ಪುಟ್ಟಲಕ್ಷ್ಮಿ ಅವಳ ಕಾಲ ಬಳಿ ಕುಸಿದಳು. ಎಲ್ಲ ಹೇಳಿದಳು. ಬೆರಳಿಗೆ ಕಿತ್ತು ಬಂದ ನೂಲಿನ ಎಳೆಯವರೆಗೆ... ಎಲ್ಲ.

ಕಾಶಮ್ಮ ಅವಳ ತಲೆಯ ಮೇಲಿಟ್ಟಿದ್ದ ಎಡಗೈಯನ್ನು ಹಿಂದೆ ತೆಗೆದಳು.

"ಗೊತ್ತಿದ್ದೂ ನನ್ನ ಅದರ ಮೇಲೆ ಕೂರಿಸ್ದೆ?"

"ಹೂಂ..."

"ನನ್ನ ಜೀವ ಅಷ್ಟು ಸಸಾರ ಆಯ್ತಾ ನಿಂಗೆ?"

ಪುಟ್ಟಲಕ್ಷ್ಮಿ ಬಿಕ್ಕಿದಳು. ಕಾಶಮ್ಮ ಸಮಾಧಾನ ಮಾಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ, ಇಷ್ಟೇ ಹೇಳಿದಳು.

"ನಂಗೊಬ್ಳಿಗೆ ಹೇಳಿದ್ರೆ ಆಗ್ಲಿಲ್ಲ ಮಾರಾಯ್ತಿ. ಆ ಹುಡುಗನ ಮಾನ ಬೀದೀಲಿ ಬಿದ್ದೈತೆ. ಬೀದೀಲೇ ಹೋಗಿ ಎತ್ತು."

ಅವತ್ತೇ ಅವಳು ಅಪ್ಪನಿಗೂ ಹೇಳಿದಳು. ಪುಟ್ಟಯ್ಯನವರು ಬೈಯಲಿಲ್ಲ. ಮುಖ ಬಾಡಿತು. "ಆ ಹುಡುಗನ ಅಂಗಿ ಹಿಡಿದ್ನಲ್ಲೇ ನಾನು..." ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಗಾಡಿ ಕಟ್ಟಲು ಹೇಳಿದರು.

ಓಲ್ಡ್ ಟೌನಿನಲ್ಲಿ ಸಂತೆಯ ಗದ್ದಲ. ಅಪ್ಪ, ಮಗಳು ಅಂಗಡಿಯ ಮುಂದೆ ನಿಂತಾಗ ಜನ ಗುಂಪುಗೂಡಿದರು. ಇನ್ನೊಂದು ಜಗಳ ನೋಡುವ ಆಸೆ ಅವರಿಗೆ.

ಪುಟ್ಟಲಕ್ಷ್ಮಿ ಗುಂಪಿನ ಕಡೆ ತಿರುಗಿ ದನಿ ಎತ್ತಿದಳು.

"ಇವರು ನನಗೆ ಆ ಟೈರು ಕೊಡಲ್ಲ ಅಂದಿದ್ರು! ಸಿಡಿಯುತ್ತೆ ಅಂತ ಕೈಯಲ್ಲಿ ಮುಟ್ಟಿಸಿ ತೋರಿಸಿದ್ರು. ಇವರಿಲ್ಲದಾಗ ತರಿಸಿಕೊಂಡೋಳು ನಾನು. ಗೊತ್ತಿದ್ದೂ ಜನಾನ ಹತ್ತಿಸಿದೋಳು ನಾನು. ಇವರ ತಪ್ಪು ಏನೂ ಇಲ್ಲ!"

ಯಾರೋ 'ಥೂ' ಎಂದರು. ಇನ್ನ್ಯಾರೋ ನಕ್ಕರು. ಅವಳು ಕದಲಲಿಲ್ಲ. ಪುಟ್ಟಯ್ಯನವರು ಅಷ್ಟು ಜನರೆದುರು ಕೈ ಮುಗಿದಾಗ ಶಿವರಾಮ ಓಡಿ ಬಂದು ಆ ಕೈಗಳನ್ನು ಹಿಡಿದುಕೊಂಡ.

"ಬ್ಯಾಡ ಗೌಡ್ರೇ! ನನ್ನದೂ ತಪ್ಪಿದೆ. ಆ ಟೈರನ್ನ ಅವತ್ತೇ ಕತ್ತರಿಸಿ ಹಾಕ್ಬೇಕಿತ್ತು. ಚಪ್ಪಲಿ ಅಟ್ಟೆಗಾದ್ರೂ ಆಗುತ್ತೆ ಅಂತ ಇಟ್ಕೊಂಡೆ."

ಅವಳ ಕಡೆ ತಿರುಗಿದ. "ಲಾರಿ ಎಳೆಸ್ಕೊಂಡು ಬನ್ನಿ," ಎಂದಷ್ಟೇ ಅಂದ.

"ಆ ಅಳತೆ ಟೈರೇ ಸಿಗಲ್ವಲ್ಲ..."

"ಟೈರು ಹುಡುಕ್ತಾ ಕೂತಿದ್ದೇ ತಪ್ಪು. ಚಕ್ರಾನೇ ಬದಲಾಯಿಸೋಣ. ಈಗಿನ ಅಳತೆ ಚಕ್ರ ಹಾಕಿದ್ರೆ ಪರ್ಮಿಟ್ಟಲ್ಲಿ ಹೊಸ ಟೈರು ಸಿಗುತ್ತೆ. ಭತ್ತ ಸಾಗಿಸೋರಿಗೆ ಇಲ್ಲ ಅನ್ನಲ್ಲ."

ಅದಕ್ಕೆ ಒಂದು ತಿಂಗಳ ಮೇಲೇ ಹಿಡಿಯಿತು. ಮುರಿದು ಮೂಲೆಗೆ ಬಿದ್ದಿದ್ದ ಯಾವುದೋ ಲಾರಿಯ ಚಕ್ರಗಳನ್ನು ಶಿವರಾಮ ಹುಡುಕಿ ತಂದು ಹೊಂದಿಸಿದ. ಪುಟ್ಟಲಕ್ಷ್ಮಿ ಶಿವಮೊಗ್ಗದ ಕಚೇರಿಗೆ ಅಲೆದು ಪರ್ಮಿಟ್ಟು ತಂದಳು. ಅಂಗಡಿಗೆ ಬಂದಾಗಲೆಲ್ಲ ತಲೆ ಎತ್ತುತ್ತಿರಲಿಲ್ಲ. ಅವನು ನೀರು ಕೊಟ್ಟರೂ ಅವಳಿಗೆ ಅಳು ಬರುತ್ತಿತ್ತು.

ಹೊಸ ಟೈರಿನ ಮೊದಲ ಲೋಡು ಹೊರಟ ದಿನ ಶಿವರಾಮ ಆಯನೂರಿಗೆ ಬಂದ. ಭತ್ತದ ಚೀಲಗಳ ಮೇಲೆ, ಸರಿಯಾಗಿ ಹಿಂದಿನ ಚಕ್ರದ ಮೇಲುಭಾಗದಲ್ಲಿ ಹತ್ತಿ ಕೂತ.

"ಮುಂದೆ ಜಾಗ ಇದೆಯಲ್ಲ..." ಎಂದಳು ಪುಟ್ಟಲಕ್ಷ್ಮಿ.

"ನಾನು ಹಾಕಿದ ಟೈರು. ನಾನೇ ಮೊದ್ಲು ಕೂರ್ತೀನಿ."

ಅವಳು ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಸಿಕ್ಕಿಸಿ ತಾನೂ ಹತ್ತಿ, ಅವನಿಂದ ಎರಡು ಚೀಲ ದೂರದಲ್ಲಿ ಕೂತಳು. ವೀರಪ್ಪ ನೋಡಿಯೂ ನೋಡದವನಂತೆ ಲಾರಿ ಹೊರಡಿಸಿದ.

ಲಾರಿ ಶಿವಮೊಗ್ಗ ಸೇರಿ ಮಿಲ್ಲಿನ ಮುಂದೆ ನಿಂತಿತು. ಇಬ್ಬರೂ ಇಳಿಯಲಿಲ್ಲ.

"ಅವತ್ತು ಆಸ್ಪತ್ರೇಲಿ... ನೀವ್ಯಾಕೆ ಬಾಯಿ ಬಿಡ್ಲಿಲ್ಲ?" ಅವಳು ಚೀಲದ ಹೊಲಿಗೆ ನೋಡುತ್ತ ಕೇಳಿದಳು.

"ನೀವು ಹೇಳ್ತೀರಾ ಅಂತ ಕಾದೆ."

"ನಾನು ಹೇಳ್ಲಿಲ್ಲ..."

"ತಡವಾಗಿ ಹೇಳಿದ್ರಿ. ಅಷ್ಟು ದಿನ ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು. ಸುಳ್ಳು ಹೇಳಲ್ಲ." ಅವನು ಅವಳ ಕಡೆ ನೋಡಿದ. "ಸಿಟ್ಟಿದ್ರೂ ದಿನಾ ನೀವೇ ನೆನಪಾಗ್ತಿದ್ರಿ. ಅದಕ್ಕೆ ಏನಂತಾರೋ ನಂಗೆ ಗೊತ್ತಿಲ್ಲ."

ಅವಳ ಕಣ್ಣು ತುಂಬಿತು. "ನನಗಿನ್ನೂ ನಿಮ್ಮ ಮುಖ ನೋಡೋಕೆ ನಾಚಿಕೆ ಆಗುತ್ತೆ ಕಣ್ರೀ."

"ನಿಧಾನಕ್ಕೆ ನೋಡಿ. ಅವಸರ ಏನಿಲ್ಲ."

ಅವಳು ಮೆಲ್ಲಗೆ ಮುಖ ಎತ್ತಿದಳು. ಅವನು ನಗುತ್ತಿದ್ದ.

"ಬರೋ ಸೋಮವಾರ ನಿಮ್ಮ ಅಪ್ಪನ್ನ ಮಾತಾಡ್ಸೋಕೆ ಬರ್ಲಾ?"

"ಸೋಮವಾರ ಬೇಡ..."

ಅವನ ಮುಖದ ನಗು ಮಾಯವಾಯಿತು.

"ಭಾನುವಾರಾನೇ ಬನ್ನಿ," ಎಂದಳು ಪುಟ್ಟಲಕ್ಷ್ಮಿ, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಮೊದ್ಲು ಕಾಶಮ್ಮನ್ನ ಕೇಳಿ. ಅವಳು ಹೂಂ ಅಂದ್ರೆ... ನಾನೂ ಹೂಂ."